ಪದಚರ್ಚೆ: ಮೊಬೈಲ್ ನೋಡಿ ಅಂದಾಜು ಮಾಡೋ ‘ಕಾಗ್ನಿಟಿವ್ ಪರ್ಫಾರ್ಮೆನ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಮಂಡ್ಯದಲ್ಲಿ ಹಿರಿಯರ ಗುಂಪೊಂದಕ್ಕೆ ಒಂದು ಸಣ್ಣ ಕೈಪಿಡಿ ಬರೀತಿದೀನಿ. ನಾವು ದಿನಾ ಮೊಬೈಲ್ ಬಳಸೋ ರೀತಿಯನ್ನೇ ನೋಡಿ ತಲೆ ಹೇಗೆ ಓಡ್ತಿದೆ ಅಂತ ಅಂದಾಜು ಮಾಡೋ ಪ್ರಯತ್ನಗಳು ನಡೀತಿವೆಯಲ್ಲ, ಅದರ ಬಗ್ಗೆ. ಅಲ್ಲಿ ಪದೇಪದೇ ಬರೋದು ‘ಕಾಗ್ನಿಟಿವ್ ಪರ್ಫಾರ್ಮೆನ್ಸ್’, ಅಂದ್ರೆ ಗಮನ, ನೆನಪು, ಯೋಚನೆ ಇವೆಲ್ಲ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿವೆ ಅನ್ನೋದು. ಇದಕ್ಕೆ ಓದಿದ ಕೂಡಲೇ ಅರ್ಥ ಆಗೋ, ಯಾರ ಮನಸ್ಸಿಗೂ ನೋವಾಗದ ಒಂದು ಮಾತು ಬೇಕು.

ಸಂದರ್ಭ ಗೊತ್ತಿಲ್ದೆ ಪದ ಹೇಳೋದು ಕಷ್ಟ, ಅದಕ್ಕೆ ಸ್ವಲ್ಪ ವಿವರ. ಈ ತರದ ಕೆಲಸದಲ್ಲಿ ನೀವು ಏನು ಟೈಪ್ ಮಾಡಿದ್ರಿ ಅನ್ನೋದು ಮುಖ್ಯ ಆಗಲ್ಲ, ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತೋಕೆ ಎಷ್ಟು ಹೊತ್ತು ಹಿಡೀತು, ಅಳಿಸಿದ ಮೇಲೆ ಮತ್ತೆ ಬರೆಯೋಕೆ ಎಷ್ಟು ತಡ ಆಯ್ತು, ಪಟ್ಟಿ ಸರಿಸ್ತಾ ಬಂದು ಬೇಕಾದ ಹೆಸರು ಕಂಡಾಗ ಬೆರಳು ಎಷ್ಟು ಬೇಗ ಒತ್ತಿತು, ಇಂಥವನ್ನ ಸೆಕೆಂಡಿನ ಚೂರುಗಳಲ್ಲಿ ಹಿಡೀತಾರೆ. 2018ರಲ್ಲಿ ಅಮೆರಿಕದ ಸಂಶೋಧಕ ಪಾಲ್ ಡೇಗಮ್ ಪ್ರಕಟಿಸಿದ ಅಧ್ಯಯನದಲ್ಲಿ 18ರಿಂದ 34 ವಯಸ್ಸಿನ 27 ಜನಕ್ಕೆ ಮೊದಲು ನೆನಪು, ಭಾಷೆ ಇತ್ಯಾದಿಗಳ ಮಾಮೂಲಿ ಪರೀಕ್ಷೆ ಮಾಡಿ, ಆಮೇಲಿನ 7 ದಿನದ ಫೋನ್ ಬಳಕೆಯನ್ನ ಆ ಅಂಕಗಳ ಜೊತೆ ತಾಳೆ ನೋಡಿದ್ರು, ಹೊಂದಾಣಿಕೆ ಚೆನ್ನಾಗೇ ಬಂತು ಅಂತ ವರದಿ. ಆದ್ರೆ 27 ಜನ, ಅದೂ ಎಲ್ಲರೂ ಹರೆಯದವರು. ಇದೇ ತರದ ಕೆಲಸಕ್ಕೆ ಡೇಗಮ್ ಇತರರ ಜೊತೆ ಸೇರಿ ಕಟ್ಟಿದ ಮೈಂಡ್‌ಸ್ಟ್ರಾಂಗ್ ಕಂಪನಿ 2023ರಲ್ಲಿ ಮುಚ್ಚಿತು. ಆದ್ದರಿಂದ ನಮ್ಮ ಪದದಲ್ಲಿ ‘ಅಂದಾಜು’ ಇರಲೇಬೇಕು, ‘ಅಳತೆ’ ಅಂದ್ಬಿಟ್ರೆ ಥರ್ಮಾಮೀಟರ್ ಇಟ್ಟು ಜ್ವರ ನೋಡಿದಷ್ಟು ಖಚಿತ ಅಂತ ಜನ ನಂಬ್ತಾರೆ.

ಈಗ ಪದಗಳಿಗೆ ಬರ್ತೀನಿ. ‘ಸಂಜ್ಞಾನಾತ್ಮಕ ಕಾರ್ಯಕ್ಷಮತೆ’ ಪಠ್ಯಪುಸ್ತಕದ ಮಾತು, ಕಾರ್ಯಕ್ಷಮತೆ ಅಂದ್ರೆ ನಮ್ಮ ಕಡೆ ಪಂಪ್‌ಸೆಟ್ ನೆನಪಾಗತ್ತೆ. ‘ಅರಿವಿನ ಸಾಮರ್ಥ್ಯ’ ಪತ್ರಿಕೆಗಳಲ್ಲಿ ಕಾಣ್ತಿದೆ, ಆದ್ರೆ ‘ಅರಿವೇ ಗುರು’ ಅಂತ ಕೇಳಿ ಬೆಳೆದವರಿಗೆ ಅರಿವು ಅನ್ನೋದು ತುಂಬಾ ಎತ್ತರದ್ದು, ಅದನ್ನ ಬೆರಳಿನ ವೇಗಕ್ಕೆ ಇಳಿಸೋಕೆ ನಂಗೆ ಮನಸ್ಸು ಬರಲ್ಲ. ಕರಡಿನಲ್ಲಿ ‘ಬುದ್ಧಿಶಕ್ತಿಯ ಪರೀಕ್ಷೆ’ ಅಂತ ಇದ್ದಿದ್ದನ್ನ ಗುಂಪಿನ ಅಜ್ಜಿಯೊಬ್ರು ಕನ್ನಡಕ ಮೇಲೆತ್ತಿ ಓದಿ, “ಏನಪ್ಪಾ, ನನ್ ಬುದ್ಧಿಗೇನಾಗೈತೆ ಅಂತ ಪರೀಕ್ಷೆ ಮಾಡಕ್ ಬಂದಿದ್ದೀರ?” ಅಂದ್ರು. ಅವರ ಮಾತು ಸರಿ. ಅರವತ್ತಕ್ಕೆ ಅರಳು ಮರಳು ಅಂತ ಮೊದಲೇ ಅನ್ನಿಸ್ಕೊಳ್ಳೋ ವಯಸ್ಸಿನವರ ಮುಂದೆ ಬುದ್ಧಿ ಅನ್ನೋ ಪದ ಇಡಬಾರದು. ಇಲ್ಲಿ ನೋಡ್ತಿರೋದು ದಡ್ಡರಾ ಜಾಣರಾ ಅಂತಲೂ ಅಲ್ಲ, ನಿದ್ದೆಗೆಟ್ಟ ರಾತ್ರಿಯ ಮಾರನೇ ದಿನ, ಊಟ ಆದ ಮಧ್ಯಾಹ್ನ, ಎಂಥ ಜಾಣರಿಗೂ ತಲೆ ಮಂಕಾಗತ್ತೆ, ಬೆಳಿಗ್ಗೆ ಚುರುಕಾಗಿರತ್ತೆ.

ಮಂಕು, ಚುರುಕು ಅಂತ ನಾವು ದಿನಾ ಆಡೋ ಈ ಜೋಡಿಯಿಂದ್ಲೇ ‘ಮನಸ್ಸಿನ ಚುರುಕಿನ ಅಂದಾಜು’ ಅಂತ ಬರೆದ್ರೆ ಹೇಗೆ? ಗಮನಕ್ಕೆ ಮಾತ್ರ ಸಂಬಂಧಿಸಿದ ಕಡೆ ‘ನಿಗಾ’ ಅನ್ನಬಹುದು, ನೆನಪಿಗೆ ‘ನೆನಪು’ ಸಾಕು.

ಇನ್ನೊಂದು ಕಗ್ಗಂಟು, ಎರಡು ಒತ್ತುವಿಕೆಗಳ ನಡುವಿನ ಆ ಹೊತ್ತು. ‘ವಿಳಂಬ’ ಅಂದ್ರೆ ಬಸ್ಸು ಲೇಟಾದ ಹಾಗೆ, ‘ತಡವರಿಕೆ’ ಚೆಂದದ ಪದ ಆದ್ರೆ ಆಗ್ಲೇ ತಪ್ಪು ಹೊರಿಸಿದ ಹಾಗಾಗತ್ತೆ. ಕನ್ನಡದಲ್ಲಿ ಇದು ಬರೀ ಪದದ ಪ್ರಶ್ನೆಯೂ ಅಲ್ಲ. ‘ಅಕ್ಕ’ ಅಂತ ಕನ್ನಡ ಕೀಲಿಮಣೆಯಲ್ಲಿ ಬರೆಯೋಕೆ ಅ, ಕ, ಒತ್ತಕ್ಷರ ಮಾಡೋ ಗುರುತು (್), ಮತ್ತೆ ಕ ಬೇಕು, ಆ ಗುರುತು ಹುಡುಕೋಕೆ ಬೆರಳು ನಿಂತೇ ನಿಲ್ಲತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯೋರು ಮೇಲೆ ಬರೋ ಸಲಹೆಗಳಲ್ಲಿ ಸರಿಯಾದ್ದನ್ನ ಆರಿಸೋಕೆ ನಿಲ್ತಾರೆ. ಮೈಕ್ ಒತ್ತಿ ಮಾತಾಡೋರಿಗೆ ಟೈಪಿಂಗೇ ಇಲ್ಲ. ಹಾಗಾಗಿ ಒಬ್ಬರನ್ನ ಇನ್ನೊಬ್ಬರ ಜೊತೆ ಹೋಲಿಸೋಕಿಂತ ಒಬ್ಬರ ಇವತ್ತನ್ನ ಅವರದೇ ನಿನ್ನೆಗೆ ಹೋಲಿಸೋದು ನ್ಯಾಯ ಅಂತ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕ್ತಿದೀನಿ. ಆ ಹೊತ್ತಿಗೆ ಸದ್ಯಕ್ಕೆ ‘ನಡುವಿನ ಬಿಡುವು’ ಅಂತ ಬರೆದಿದೀನಿ.

ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ (ಮಾತು ಮತ್ತು ಶ್ರವಣ) ಸಂಸ್ಥೆಯಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಕೆಲಸ ಮಾಡಿದವರು ಇಲ್ಲಿದ್ರೆ, ಎದುರಿಗೆ ಕೂತ ಹಿರಿಯರಿಗೆ ನೀವು ಬಾಯಲ್ಲಿ ಏನಂತ ಹೇಳ್ತಿದ್ರಿ ಅನ್ನೋದೇ ನಂಗೆ ಬೇಕಾಗಿರೋದು, ಅಚ್ಚಾದ ಪದಕೋಶದ್ದಲ್ಲ. ಮತ್ತೆ ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ, ನಮ್ಮಲ್ಲಿ ‘ಚುರುಕು ಮುಟ್ಟಿಸೋದು’ ಅಂದ್ರೆ ಬಿಸಿ ತಟ್ಟಿಸೋದು ಅನ್ನೋ ಅರ್ಥವೂ ಇದೆ, ನಿಮ್ಮ ಕಡೆ ‘ಮನಸ್ಸಿನ ಚುರುಕು’ ಅಂದ್ರೆ ಮೊದಲು ಏನು ಹೊಳೆಯತ್ತೆ?