ಯುಸೇಬಿಯೊ ಯಾವ ದೇಶದವನು? ನಮ್ಮನೆ ಜಗಳ ಬಿಡಿಸಿಕೊಡಿ

ಗೋಣಿಕೊಪ್ಪದ ಗೋಲಿ:

ಕಕ್ಕಡ ತಿಂಗಳ ಮಳೆ. ಮೂರು ದಿನದಿಂದ ಕರೆಂಟ್ ಇಲ್ಲ, ಸಿಗ್ನಲ್ ಬೇಕಾದರೆ ತೋಟದ ಮೇಲಿನ ಬರೆ ಹತ್ತಬೇಕು, ಹತ್ತಿದರೆ ಜಿಗಣೆ. ಹಾಗಾಗಿ ಮನೆಯವರೆಲ್ಲ ಒಲೆ ಮುಂದೆ ಕೂತು ಜಗಳ ಆಡುವುದೇ ಕೆಲಸ.

ಅಕ್ಕನ ಮಗ ಒಂಬತ್ತನೇ ಕ್ಲಾಸು, ರೊನಾಲ್ಡೊ ಭಕ್ತ. 7ನೇ ನಂಬರಿನ ಜರ್ಸಿಯನ್ನು ಒಗೆಯಲಿಕ್ಕೂ ಬಿಚ್ಚಿ ಕೊಡುವುದಿಲ್ಲ. ಅವನ ಪ್ರಕಾರ ರೊನಾಲ್ಡೊ ಬರುವ ಮೊದಲು ಪೋರ್ಚುಗಲ್‌ನಲ್ಲಿ ಯಾರೂ ಚೆಂಡನ್ನೇ ಒದ್ದಿರಲಿಲ್ಲ. ಅಜ್ಜನಿಗೆ ಇದು ಹಿಡಿಸಲಿಲ್ಲ. ಅವರು ಮಿಲಿಟರಿಯಲ್ಲಿದ್ದವರು, ಹಾಕಿ ಬಿಟ್ಟು ಬೇರೆಯದನ್ನು ಆಟ ಅಂತ ಒಪ್ಪುವವರೂ ಅಲ್ಲ. ಆದರೂ "ಯುಸೇಬಿಯೊ ಅಂತ ಒಬ್ಬ ಇದ್ದ ಮಗ, 66ರಲ್ಲಿ ಬ್ಯಾರಕ್ಸ್‌ನಲ್ಲಿ ಎಲ್ಲರ ಬಾಯಲ್ಲೂ ಅವನದೇ ಹೆಸರು" ಅಂದರು. ಹುಡುಗ ಸುಮ್ನೆ ಇರುತ್ತಾನಾ? ಮಾರನೇ ದಿನ ಬರೆ ಹತ್ತಿ ಮೊಬೈಲ್ ನೋಡಿಕೊಂಡು ಬಂದ. "ಅಜ್ಜ, ಅವನು ಹುಟ್ಟಿದ್ದು ಮೊಜಾಂಬಿಕ್‌ನಲ್ಲಿ. ಪೋರ್ಚುಗಲ್‌ನವನೇ ಅಲ್ಲ. ಲೆಕ್ಕಕ್ಕಿಲ್ಲ."

ಅಜ್ಜ ರಾತ್ರಿ ಊಟದ ತನಕ ಮಾತಾಡಲಿಲ್ಲ.

ಆಫ್ರಿಕಾದಲ್ಲಿ ಹುಟ್ಟಿದವನು ಪೋರ್ಚುಗಲ್‌ಗೆ ಹೇಗೆ ಆಡಿದ? ನಿಜವಾಗಲೂ ಅಷ್ಟು ದೊಡ್ಡ ಆಟಗಾರನಾ, ಇಲ್ಲ ಅಜ್ಜಂದಿರು ಹಳೇ ಕಾಲವನ್ನು ಹೊಗಳುವ ಹಾಗೆ ಇದೂ ಒಂದಾ? ತಿಳಿದವರು ಹೇಳಿ. ಚಾರ್ಜ್ ಕಮ್ಮಿ ಇದೆ, ಉತ್ತರ ತಡವಾದರೆ ಬೇಜಾರಾಗಬೇಡಿ.

ಸುಂಟಿಕೊಪ್ಪ ಲೆಫ್ಟ್ ವಿಂಗ್:

ಅಜ್ಜನಿಗೆ ನನ್ನ ನಮಸ್ಕಾರ ಹೇಳಿ ಅಣ್ಣ. ಅವರು ಹೇಳಿದ್ದು ಸರಿ.

ಯುಸೇಬಿಯೊ ಹುಟ್ಟಿದ್ದು 1942ರ ಜನವರಿ 25ರಂದು, ಲೊರೆನ್ಸೊ ಮಾರ್ಕೆಸ್‌ನಲ್ಲಿ. ಈಗ ಆ ಊರಿಗೆ ಮಪುಟೊ ಅಂತ ಹೆಸರು. ಮಫಲಾಲಾ ಅನ್ನುವ ಬಡವರ ಕೇರಿ. ಅಪ್ಪ ರೈಲ್ವೆಯಲ್ಲಿ ಕೆಲಸದಲ್ಲಿದ್ದ, ಮಗ ಚಿಕ್ಕವನಿರುವಾಗಲೇ ತೀರಿಕೊಂಡ. ಅಮ್ಮನೇ ಸಾಕಿದ್ದು. ಕಾಲುಚೀಲದೊಳಗೆ ಹಳೇ ಪೇಪರ್ ತುರುಕಿ ಚೆಂಡು ಮಾಡಿ ಬರಿಗಾಲಲ್ಲಿ ಆಡುತ್ತಿದ್ದ.

ಈಗ ನಿಮ್ಮ ಹುಡುಗನ ಪಾಯಿಂಟ್. ಆಗ ಮೊಜಾಂಬಿಕ್ ಅನ್ನುವ ಸ್ವತಂತ್ರ ದೇಶವೇ ಇರಲಿಲ್ಲ. ಪೋರ್ಚುಗಲ್ ಅದನ್ನು ವಸಾಹತು ಅಂತ ಕರೆಯದೆ ಸಮುದ್ರದಾಚೆಯ ನಮ್ಮದೇ ಪ್ರಾಂತ್ಯ ಅಂತ ಕರೆಯುತ್ತಿತ್ತು. ಅಲ್ಲಿಗೆ ಸ್ವಾತಂತ್ರ್ಯ ಬಂದದ್ದು 1975ರ ಜೂನ್ 25ಕ್ಕೆ. ಅದೇ ವರ್ಷ ಯುಸೇಬಿಯೊ ತಾನು ಆಡುತ್ತಿದ್ದ ಲಿಸ್ಬನ್‌ನ ಬೆನ್ಫಿಕಾ ಕ್ಲಬ್ ಬಿಟ್ಟ. ಅಂದರೆ ಅವನ ಒಳ್ಳೆಯ ಕಾಲವೆಲ್ಲ ಮುಗಿಯುವವರೆಗೆ ಹುಟ್ಟಿದ ದೇಶಕ್ಕೆ ಆಡುತ್ತೇನೆ ಅನ್ನಲು ಅಂಥದ್ದೊಂದು ಟೀಮೇ ಇರಲಿಲ್ಲ. ಅವನೊಬ್ಬನೇ ಅಲ್ಲ. 66ರ ವಿಶ್ವಕಪ್ ಟೀಮಿನ ಕ್ಯಾಪ್ಟನ್ ಮಾರಿಯೊ ಕೊಲೂನಾ, ಡಿಫೆಂಡರ್‌ಗಳಾದ ಇಲಾರಿಯೊ, ವಿಸೆಂಟೆ, ಎಲ್ಲರೂ ಮೊಜಾಂಬಿಕ್‌ನಲ್ಲಿ ಹುಟ್ಟಿದವರು. ಅವರನ್ನೆಲ್ಲ ತೆಗೆದರೆ ಪೋರ್ಚುಗಲ್‌ಗೆ ಉಳಿಯುವುದೇನು?

66ರ ಕಥೆ ಕೇಳಿ. ಪೋರ್ಚುಗಲ್‌ಗೆ ಅದು ಮೊದಲ ವಿಶ್ವಕಪ್. ಗುಂಪಿನಲ್ಲಿ ಹಂಗೇರಿ, ಬಲ್ಗೇರಿಯಾ, ಬ್ರೆಜಿಲ್. ಮೂರನ್ನೂ ಸೋಲಿಸಿದರು. ಬ್ರೆಜಿಲ್ ವಿರುದ್ಧ 3-1, ಅದರಲ್ಲಿ ಎರಡು ಇವನದು. ಕ್ವಾರ್ಟರ್ ಫೈನಲ್ ಉತ್ತರ ಕೊರಿಯಾ ಜೊತೆ, ಜುಲೈ 23, ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್. ಕೊರಿಯಾದವರು ಇಟಲಿಯನ್ನು ಮನೆಗೆ ಕಳಿಸಿ ಬಂದಿದ್ದರು. ಮೊದಲ 25 ನಿಮಿಷದಲ್ಲೇ 3-0 ಮುಂದೆ! ಆಮೇಲೆ ಯುಸೇಬಿಯೊ ಒಬ್ಬನೇ ಸಾಲಾಗಿ ನಾಲ್ಕು ಹೊಡೆದ. ಕೊನೆಗೆ 5-3. ಮೊದಲ ಗೋಲು ಹೊಡೆದವನು ಕುಣಿಯಲಿಲ್ಲ. ಬಲೆಯೊಳಗಿನ ಚೆಂಡನ್ನು ತಾನೇ ಎತ್ತಿಕೊಂಡು ಸೆಂಟರ್‌ಗೆ ಓಡಿದ. ಆ ಒಂದು ದೃಶ್ಯಕ್ಕೆ ನಾನು ಫಿದಾ.

ಹಳೇ ಹಾಕಿ ಕೋಲು:

ನಾನು ಹಾಕಿ ಕಡೆಯವನು, ಆದರೂ ಒಂದು ಮಾತು. ಆ ನಾಲ್ಕರಲ್ಲಿ ಎರಡು ಪೆನಾಲ್ಟಿ. ಅದನ್ನು ಯಾಕೆ ಹೇಳಲಿಲ್ಲ?

ಸುಂಟಿಕೊಪ್ಪ ಲೆಫ್ಟ್ ವಿಂಗ್:

ಹೌದು ಬಾವ, ಎರಡು ಪೆನಾಲ್ಟಿ. ಎರಡನೇ ಪೆನಾಲ್ಟಿ ಹೇಗೆ ಸಿಕ್ಕಿತು ನೋಡಿ. ಎಡಗಡೆಯಿಂದ ಒಬ್ಬನೇ ಚೆಂಡು ಒಯ್ಯುತ್ತ ಬಾಕ್ಸ್ ಒಳಗೆ ನುಗ್ಗಿದ. ಕೊರಿಯಾದವರಿಗೆ ಬೇರೆ ದಾರಿ ಇರಲಿಲ್ಲ, ಕೆಡವಿದರು. ಎದ್ದು ಕುಂಟುತ್ತ ಬಂದು ಅವನೇ ಹೊಡೆದ. ನಿಮ್ಮ ಪೆನಾಲ್ಟಿ ಕಾರ್ನರ್ ಗೋಲನ್ನು ನಾವು ಲೆಕ್ಕದಿಂದ ಬಿಡುತ್ತೇವಾ?

ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಜೊತೆ 2-1 ಸೋಲು. ಆ ಒಂದು ಗೋಲೂ ಇವನದೇ. ಗುಡಿಸನ್‌ನಲ್ಲಿ ಆಡಿ ಮೂರೇ ದಿನಕ್ಕೆ ಲಂಡನ್‌ಗೆ ಹೋಗಿ ವೆಂಬ್ಲಿಯಲ್ಲಿ ಆಡಬೇಕಾಯಿತು ಅನ್ನುವ ಸಿಟ್ಟು ಪೋರ್ಚುಗಲ್‌ನವರಿಗೆ ಇನ್ನೂ ಇದೆ. ಪಂದ್ಯ ಮುಗಿದ ಮೇಲೆ ಜರ್ಸಿಯಲ್ಲಿ ಕಣ್ಣು ಒರೆಸಿಕೊಂಡು ಹೊರಗೆ ನಡೆದ. ಅಲ್ಲಿಯವರು ಆ ಪಂದ್ಯವನ್ನು ಕಣ್ಣೀರಿನ ಪಂದ್ಯ ಅಂತಲೇ ಕರೆಯುತ್ತಾರೆ. ಮೂರನೇ ಸ್ಥಾನಕ್ಕೆ ಸೋವಿಯತ್ ಜೊತೆ ಆಡಿ ಗೆದ್ದರು. ಅವರ ಗೋಲಿನಲ್ಲಿ ಹೆಸರಾಂತ ಗೋಲಿ ಲೆವ್ ಯಾಶಿನ್. ಅವನನ್ನೂ ದಾಟಿಸಿದ, ಅದೂ ಪೆನಾಲ್ಟಿ, ನೀವು ಕೇಳುವ ಮೊದಲೇ ಹೇಳಿಬಿಟ್ಟೆ. ಒಟ್ಟು 9 ಗೋಲು, ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಜಾಸ್ತಿ.

ಹಳೇ ಹಾಕಿ ಕೋಲು:

ಸರಿ, ಒಪ್ಪಿದೆ. ಹುಡುಗನ ತಲೆಯಲ್ಲಿ ಇರುವುದು ಕೊಡವ ಮನೆತನಗಳು ಆಡುವ ನಮ್ಮ ಕುಟುಂಬ ಹಾಕಿ ಹಬ್ಬದ ಲೆಕ್ಕ ಅನಿಸುತ್ತದೆ. ಯಾವ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಹುಟ್ಟಿದೆಯೋ ಆ ಒಕ್ಕಕ್ಕೆ ಆಡು. ಆ ಹಬ್ಬದಲ್ಲಿ ಅದು ಚೆಂದ. ಆದರೆ ನಮ್ಮ ಎಂ.ಪಿ. ಗಣೇಶ್ ಸೇನೆಗೆ ಸೇರಿ ಸೇನಾಪಡೆಗಳ ಟೀಮಾದ ಸರ್ವಿಸಸ್ ಪರ ಆಡಿದರು, 1973ರ ವಿಶ್ವಕಪ್‌ನಲ್ಲಿ ಭಾರತದ ಕ್ಯಾಪ್ಟನ್ ಆಗಿ ಬೆಳ್ಳಿ ತಂದರು. ಅವರನ್ನು ಕೊಡಗಿನವರಲ್ಲ ಅಂತ ಯಾರಾದರೂ ಅಂದರೆ ಬಿಡುತ್ತೇವಾ? ಸರ್ವಿಸಸ್‌ನವರಲ್ಲ ಅಂತಲೂ ಅನ್ನಲು ಆಗುವುದಿಲ್ಲ.

ಮಡಿಕೇರಿ ಮಬ್ಬು:

ಹೋಲಿಕೆ ಪೂರ್ತಿ ಸರಿ ಹೊಂದುವುದಿಲ್ಲ ಸರ್. ಗಣೇಶ್ ತಾವಾಗಿ ಹೋಗಿ ಸೇನೆಗೆ ಸೇರಿದರು. ಯುಸೇಬಿಯೊಗೆ ಆ ಆಯ್ಕೆ ಎಲ್ಲಿತ್ತು?

ನಮಗೆ ಅರ್ಥ ಆಗಬೇಕಾದರೆ ಗೋವಾ ನೆನಪು ಮಾಡಿಕೊಳ್ಳಿ. ಗೋವಾವನ್ನು ಬಿಡುವುದಿಲ್ಲ ಅಂತ ಹಟ ಹಿಡಿದಿದ್ದ ಪೋರ್ಚುಗಲ್‌ನ ಸರ್ವಾಧಿಕಾರಿ, ಅದೇ ಸಲಾಜಾರ್ ಮೊಜಾಂಬಿಕ್‌ಗೂ ದೊರೆ. ಯುಸೇಬಿಯೊ ಪೋರ್ಚುಗಲ್ ಪರ ಮೊದಲ ಪಂದ್ಯ ಆಡಿದ್ದು 1961ರ ಅಕ್ಟೋಬರ್ 8ಕ್ಕೆ, ಲಕ್ಸೆಂಬರ್ಗ್ ವಿರುದ್ಧ. ಇವನು ಗೋಲು ಹೊಡೆದ, ಟೀಮು 4-2 ಸೋತಿತು. ಅದಾಗಿ ಎರಡೇ ತಿಂಗಳಿಗೆ, ಡಿಸೆಂಬರ್ 19ಕ್ಕೆ, ಗೋವಾ ನಮ್ಮದಾಯಿತು. ಸಾಮ್ರಾಜ್ಯ ಒಂದು ಕಡೆ ಕುಸಿಯುತ್ತಿದೆ, ಇನ್ನೊಂದು ಕಡೆ ಈ ಕಪ್ಪು ಹುಡುಗನನ್ನು ತೋರಿಸಿ, ನೋಡಿ ನಾವೆಲ್ಲ ಒಂದೇ ಅಂತ ಹೇಳಲಿಕ್ಕೆ ಸರ್ಕಾರಕ್ಕೆ ಅನುಕೂಲ. ಆಮೇಲೆ ಇಟಲಿಯ ದೊಡ್ಡ ಕ್ಲಬ್‌ಗಳು ದುಡ್ಡು ಹಿಡಿದು ಬಂದಾಗ ಸಲಾಜಾರ್ ಹೊರಗೆ ಬಿಡಲಿಲ್ಲ ಅಂತ ಯುಸೇಬಿಯೊನೇ ಹೇಳಿಕೊಂಡಿದ್ದ. ಇದು ನನಗೆ ಗೋಲುಗಳಿಗಿಂತ ದೊಡ್ಡ ವಿಷಯ. ಹುಡುಗ ಲೆಕ್ಕಕ್ಕಿಲ್ಲ ಅಂದ. ಪೋರ್ಚುಗಲ್ ಮಾತ್ರ ಅವನನ್ನು ಬಿಟ್ಟುಕೊಡಲೇ ಇಲ್ಲ.

ಬೆನ್ಫಿಕಾಗೆ ಬಂದ ರೀತಿಯೂ ಸಿನಿಮಾ ಥರ. ಅವನು ಆಡುತ್ತಿದ್ದದ್ದು ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್‌ನ ಕೈಕೆಳಗಿನ ಟೀಮಿನಲ್ಲಿ. ಅವರ ಕಣ್ಣು ತಪ್ಪಿಸಿ ಬೆನ್ಫಿಕಾದವರು 1960ರ ಡಿಸೆಂಬರ್‌ನಲ್ಲಿ ಹಾರಿಸಿಕೊಂಡು ಬಂದರು. ಟೆಲಿಗ್ರಾಂಗಳಲ್ಲಿ ಅವನಿಗೆ ರೂತ್ ಅಂತ ಹುಡುಗಿ ಹೆಸರು ಇಟ್ಟಿದ್ದರು. ಯಾರಿಗೂ ಸಿಗಬಾರದು ಅಂತ ದಕ್ಷಿಣದ ಕಡಲೂರಿನಲ್ಲಿ ಕೆಲವು ದಿನ ಬಚ್ಚಿಟ್ಟಿದ್ದರಂತೆ. ಹದಿನೆಂಟರ ಹುಡುಗ ಪಾಪ, ಮೊದಲ ಸಲ ಚಳಿ ದೇಶ.

1962ರ ಯುರೋಪಿಯನ್ ಕಪ್ ಫೈನಲ್, ಆಮ್‌ಸ್ಟರ್‌ಡ್ಯಾಂ, ಎದುರು ರಿಯಲ್ ಮ್ಯಾಡ್ರಿಡ್. ರಿಯಲ್‌ನ ಪುಷ್ಕಾಷ್ ಮೊದಲರ್ಧದಲ್ಲೇ ಮೂರು ಹೊಡೆದಿದ್ದ. ಆದರೂ ಬೆನ್ಫಿಕಾ 5-3 ಗೆದ್ದಿತು, ಕೊನೆಯ ಎರಡು ಯುಸೇಬಿಯೊದು. ಆಗ ಅವನಿಗೆ 20 ವರ್ಷ. ಗೆದ್ದ ಮೇಲೆ ಕಪ್‌ಗಿಂತ ಹೆಚ್ಚಾಗಿ ರಿಯಲ್‌ನ ದೊಡ್ಡ ಆಟಗಾರ ಡಿ ಸ್ಟೆಫಾನೊನ ಜರ್ಸಿ ಸಿಕ್ಕಿದ್ದಕ್ಕೆ ಖುಷಿಪಟ್ಟನಂತೆ. ನಿಮ್ಮ ಅಕ್ಕನ ಮಗನಿಗೆ ಇದು ಹೇಳಿ, ಅರ್ಥ ಆಗುತ್ತದೆ.

ಸುಂಟಿಕೊಪ್ಪ ಲೆಫ್ಟ್ ವಿಂಗ್:

ಮಬ್ಬು ಅಣ್ಣ ಚೆನ್ನಾಗಿ ಹೇಳಿದರು. ಒಂದೇ ಸೇರಿಸುತ್ತೇನೆ. 1965ರಲ್ಲಿ ಯುರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ ಓರ್ ಬಂತು. ಆದರೆ ಬೆನ್ಫಿಕಾದವರು 1963, 65, 68 ಮೂರೂ ಯುರೋಪಿಯನ್ ಕಪ್ ಫೈನಲ್ ಸೋತರು. 68ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 1-1 ಇದ್ದಾಗ, ಪಂದ್ಯ ಮುಗಿಯುವ ಹೊತ್ತಿಗೆ, ಇವನು ಒಬ್ಬನೇ ಗೋಲಿ ಮುಂದೆ ಬಂದು ಬಾರಿಸಿದ. ಅಲೆಕ್ಸ್ ಸ್ಟೆಪ್ನಿ ಎದೆ ಒಡ್ಡಿ ಹಿಡಿದ. ಇವನು ತಲೆ ಚಚ್ಚಿಕೊಳ್ಳಲಿಲ್ಲ, ನಿಂತು ಚಪ್ಪಾಳೆ ತಟ್ಟಿದ. ಎಕ್ಸ್‌ಟ್ರಾ ಟೈಮಿನಲ್ಲಿ 4-1 ಸೋಲು. ನಾನು ಗೋಲಿ ಅಲ್ಲ, ಆದರೂ ಎದುರಾಳಿ ಗೋಲಿಗೆ ಕಪ್ ಕೈ ತಪ್ಪುವ ಹೊತ್ತಲ್ಲಿ ಚಪ್ಪಾಳೆ ಹೊಡೆಯೋದು ನನ್ನಿಂದ ಆಗೋದಿಲ್ಲ. ನಮ್ಮ ಗ್ರೌಂಡಲ್ಲಾದರೆ ಬಾಯಿಗೆ ಬಂದ ಹಾಗೆ ಬೈಯುತ್ತೇವೆ.

ಮೊಣಕಾಲು ಅವನನ್ನು ತಿಂದುಹಾಕಿತು. ಎಡ ಮೊಣಕಾಲಿಗೆ ಒಂದಲ್ಲ ಎರಡಲ್ಲ, ಹಲವು ಆಪರೇಷನ್. ಕೊನೆಗೆ ಅಮೆರಿಕ, ಮೆಕ್ಸಿಕೊ, ಕೆನಡಾ ಅಂತ ಸುತ್ತಿದ. 1976ರಲ್ಲಿ ಟೊರಾಂಟೊ ಟೀಮಿನ ಜೊತೆ ಅಲ್ಲಿನ ಲೀಗ್ ಗೆದ್ದ. ಆಮೇಲೆ ಪೋರ್ಚುಗಲ್‌ಗೆ ಬಂದು ಬೈರಾ ಮಾರ್ ಅನ್ನುವ ಸಣ್ಣ ಕ್ಲಬ್‌ಗೆ ಆಡಿದ. ಬೆನ್ಫಿಕಾ ಎದುರಾದಾಗ ನಾನು ಗೋಲಿಗೆ ಹೊಡೆಯಲ್ಲ ಅಂತ ಮೊದಲೇ ಹೇಳಿದ್ದ ಅಂತ ಒಂದು ಕಥೆ ಇದೆ.

ಕುಶಾಲನಗರದ ಟೀಚರಮ್ಮ:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಹುಡುಗನಿಗೆ ನಾನೊಂದು ಹೋಂವರ್ಕ್ ಕೊಡುತ್ತೇನೆ. ಪೋರ್ಚುಗಲ್ ಪರ ಅತಿ ಹೆಚ್ಚು ಗೋಲು ಹೊಡೆದ ಮೂವರ ಹುಟ್ಟೂರನ್ನು ಮ್ಯಾಪಿನಲ್ಲಿ ಗುರುತಿಸಲಿ. ಯುಸೇಬಿಯೊ 64 ಪಂದ್ಯದಲ್ಲಿ 41, ಹುಟ್ಟಿದ್ದು ಮಪುಟೊ. ಅವನ ದಾಖಲೆ ಮುರಿದ ಪೌಲೆಟಾ 47, ಹುಟ್ಟಿದ್ದು ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪದಲ್ಲಿ. 2014ರಲ್ಲಿ ಪೌಲೆಟಾನನ್ನು ದಾಟಿದ ರೊನಾಲ್ಡೊ ಹುಟ್ಟಿದ್ದು ಮಡೈರಾ ದ್ವೀಪದ ಫುಂಚಾಲ್, ಅದು ಲಿಸ್ಬನ್‌ಗಿಂತ ಮೊರಾಕ್ಕೊಗೆ ಹತ್ತಿರ. ಮೂವರಲ್ಲಿ ಒಬ್ಬನೂ ಮುಖ್ಯ ಪೋರ್ಚುಗಲ್ ನೆಲದಲ್ಲಿ ಹುಟ್ಟಿದವನಲ್ಲ! ಊರು ನೋಡಿ ಲೆಕ್ಕದಿಂದ ತೆಗೆಯುತ್ತ ಹೋದರೆ ಅವನ ದೇವರ ಪಾಡೂ ಕಷ್ಟವೇ.

ಯುಸೇಬಿಯೊ ತೀರಿಕೊಂಡಾಗ, 2014ರ ಜನವರಿ 5ರಂದು, ಸರ್ಕಾರ ಮೂರು ದಿನ ಶೋಕ ಸಾರಿತು. ಮರುವರ್ಷ ಅವನ ದೇಹವನ್ನು ದೇಶದ ದೊಡ್ಡವರಿಗೆಂದೇ ಇರುವ ರಾಷ್ಟ್ರೀಯ ಸಮಾಧಿ ಮಂದಿರಕ್ಕೆ ಒಯ್ದರು. ಅಲ್ಲಿ ಜಾಗ ಸಿಕ್ಕ ಮೊದಲ ಫುಟ್‌ಬಾಲ್ ಆಟಗಾರ ಅವನೇ.

ಗೋಣಿಕೊಪ್ಪದ ಗೋಲಿ:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್, ಟೀಚರ್ ನಿಮಗೆ ಸ್ವಲ್ಪ ಜಾಸ್ತಿ. ಒಲೆ ಮುಂದೆ ಓದಿ ಹೇಳಿದೆ. ಗೋವಾ ವಿಷಯ ಬಂದಾಗ ಅಜ್ಜ ತಲೆ ಆಡಿಸಿದರು, ಸ್ಟೆಪ್ನಿ ಚಪ್ಪಾಳೆ ಕಥೆಯನ್ನು ಎರಡು ಸಲ ಓದಿಸಿದರು. ಹುಡುಗ ಹತ್ತು ನಿಮಿಷ ಅಟ್ಲಾಸ್ ಹುಡುಕಿದ, ಮಡೈರಾ ಎಲ್ಲಿದೆ ನೋಡಿದ, ಮುಚ್ಚಿಟ್ಟ. "ಆದರೂ ರೊನಾಲ್ಡೊನೇ" ಅಂದ. ಉತ್ತರ ಕೊರಿಯಾ ಪಂದ್ಯದ ಭಾಗ ಮಾತ್ರ ನಾನು ಬೇಕಂತಲೇ ಓದಲಿಲ್ಲ.

ಈಗಷ್ಟೇ ಕರೆಂಟ್ ಬಂತು. ಆ ಪಂದ್ಯದ ವಿಡಿಯೊ ಹಾಕಿದ್ದೇನೆ, ಅಜ್ಜ ಕನ್ನಡಕ ಒರೆಸಿಕೊಂಡು ಕೂತಿದ್ದಾರೆ. 3-0 ಆಗಿದೆ. "ಇವನಾ ನಿಮ್ಮ ದೊಡ್ಡ ಆಟಗಾರ?" ಅಂತ ಹುಡುಗ ನಗುತ್ತಿದ್ದಾನೆ. ಅಜ್ಜ ಏನೂ ಹೇಳುತ್ತಿಲ್ಲ.