ದಿನಾ ವಾಕಿಂಗ್ ಹೋದರೂ ವಿಟಮಿನ್ ಡಿ ಬರೀ 11, ಹೇಗೆ?

ಮೂರನೇ ಮಹಡಿ:
ನಮಸ್ಕಾರ. ನನಗೆ 43, ಊರು ಬೆಂಗಳೂರು. ಆರು ತಿಂಗಳಿಂದ ಸೊಂಟ, ತೊಡೆ ಎಲ್ಲ ಒಂಥರಾ ನೋವು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಲೇಬೇಕು. ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ 11 ಅಂತ ಬಂತು. ನನಗೆ ತಲೆ ಕೆಟ್ಟಿದ್ದು ಇಲ್ಲೇ. ದಿನಾ ಬೆಳಿಗ್ಗೆ ಆರೂವರೆಗೆ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ನಡೆಯುತ್ತೇನೆ, ಆಫೀಸಿನಲ್ಲಿ ನನ್ನ ಸೀಟು ಕಿಟಕಿ ಪಕ್ಕ, ಮಧ್ಯಾಹ್ನ ಎಡಗೈ ಸುಡುವಷ್ಟು ಬಿಸಿಲು ಬೀಳುತ್ತದೆ, ಸಾಲದ್ದಕ್ಕೆ ಮನೆಯಲ್ಲಿ ದಿನಾ ರಾಗಿ ಮುದ್ದೆ. ಆದರೂ 11!
ಡಾಕ್ಟರು 60,000 ಐಯು (ವಿಟಮಿನ್ ಅಳೆಯುವ ಯೂನಿಟ್) ವಿಟಮಿನ್ ಡಿ ಪುಡಿಯ ಎಂಟು ಪ್ಯಾಕೆಟ್ ಬರೆದಿದ್ದಾರೆ. ಚೀಟಿಯ ಅಕ್ಷರ ಅರ್ಥವಾಗುತ್ತಿಲ್ಲ. ಮೆಡಿಕಲ್ ಶಾಪಿನ ಹುಡುಗ "ದಿನಾ ರಾತ್ರಿ ಹಾಲಲ್ಲಿ ಹಾಕ್ಕೊಂಡು ಕುಡೀರಿ" ಅಂದ. ಕುಡಿಯಬಹುದಾ?

ತುಮಕೂರು ಸೊಸೆ:
ಅಣ್ಣಾ, ದಿನಾ ಕುಡಿಯಬೇಡಿ! ಆ ಪ್ಯಾಕೆಟ್ ಸಾಮಾನ್ಯವಾಗಿ ವಾರಕ್ಕೆ ಒಂದು, ಎಂಟು ವಾರ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ.
ನಮ್ಮತ್ತೆ ಇದೇ ಎಡವಟ್ಟು ಮಾಡಿಕೊಂಡರು. ಮಂಡಿ ನೋವು ಬೇಗ ಹೋಗಲಿ ಅಂತ ದಿನಾ ಒಂದರಂತೆ ಎರಡೂವರೆ ತಿಂಗಳು ಕುಡಿದಿದ್ದಾರೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮೊದಲು ಊಟ ಸೇರದಾಯಿತು. ಆಮೇಲೆ ವಾಂತಿ, ಎಷ್ಟು ನೀರು ಕುಡಿದರೂ ಬಾಯಾರಿಕೆ, ರಾತ್ರಿ ಐದಾರು ಸಲ ಬಚ್ಚಲಿಗೆ. ಒಂದು ದಿನ ನನ್ನನ್ನೇ "ಯಾರಮ್ಮ ನೀನು" ಅಂದುಬಿಟ್ಟರು. ಆಸ್ಪತ್ರೆಗೆ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ 13 ದಾಟಿತ್ತು, ಅದು ಹತ್ತರ ಆಸುಪಾಸಿನಲ್ಲಿ ಇರಬೇಕಾದದ್ದು. ಕಿಡ್ನಿಗೂ ಪೆಟ್ಟು ಬಿದ್ದಿತ್ತು. ಬಿ, ಸಿ ವಿಟಮಿನ್ ಜಾಸ್ತಿಯಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ, ಡಿ ಹಾಗಲ್ಲ, ಕೊಬ್ಬಿನಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ಉಳಿಯುತ್ತದೆ. ಅದಕ್ಕೇ ಹೆದರಿಸುತ್ತಿದ್ದೇನೆ ಅಂತ ಬೇಜಾರಾಗಬೇಡಿ.

ಕುಂದಾಪ್ರದವ:
ನಿಮ್ಮ ಎರಡೂ ಬಿಸಿಲು ಲೆಕ್ಕಕ್ಕಿಲ್ಲ ಮಾರಾಯ್ರೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ-ಬಿ ಕಿರಣದಿಂದ. ಕಿಟಕಿ ಗಾಜು ಅದನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ, ನಿಮ್ಮ ಎಡಗೈಗೆ ಸಿಗುವುದು ಬರೀ ಕಾವು. ಆರೂವರೆಗೆ ಸೂರ್ಯ ಇನ್ನೂ ಓರೆ, ಆಗ ಆ ಕಿರಣ ಓಝೋನ್ ದಾಟಿ ಕೆಳಗೆ ಬರುವುದೇ ಅಪರೂಪ. ಎಳೆ ಬಿಸಿಲು ಒಳ್ಳೆಯದು ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ, ಆದರೆ ಈ ವಿಷಯಕ್ಕೆ ಅದು ಆಗುವುದಿಲ್ಲ. ಅಮ್ಮ ಕೋಲು ಹಿಡಿದು ಸಂಡಿಗೆ ಕಾಯುತ್ತಾರಲ್ಲ, ಹನ್ನೊಂದು, ಹನ್ನೆರಡರ ಹೊತ್ತು, ಆ ಬಿಸಿಲು ಬೇಕು. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಕಿರಣ ಸಿಗುತ್ತಿದೆ ಅಂತ ಲೆಕ್ಕ. ನಮ್ಮಂಥ ಕಪ್ಪು ಚರ್ಮಕ್ಕೆ ಬಿಳಿಯರಿಗಿಂತ ಜಾಸ್ತಿ ಹೊತ್ತು ಬೇಕು. ಫುಲ್ ಸ್ಲೀವ್ ಹಾಕಿದರೆ ಅದೂ ದಂಡ.
ರಾಗಿಯಲ್ಲಿರುವುದು ಕ್ಯಾಲ್ಸಿಯಂ, 100 ಗ್ರಾಂಗೆ 300 ಮಿಲಿಗ್ರಾಂ ಮೇಲೆ. ಡಿ ಇಲ್ಲ. ಮೈಯಲ್ಲಿ ಡಿ ಇಲ್ಲದಿದ್ದರೆ ಕರುಳು ಆ ಕ್ಯಾಲ್ಸಿಯಂನಲ್ಲಿ ಸ್ವಲ್ಪವೇ ಹೀರುತ್ತದೆ, ಉಳಿದದ್ದು ಹಾಗೇ ಹೊರಗೆ. ಮೀನು ತಿನ್ನುತ್ತೀರಾದರೆ ಬಂಗುಡೆ, ಬೂತಾಯಿ ತಿನ್ನಿ. ಇಲ್ಲಾಂದ್ರೆ ಮೊಟ್ಟೆಯ ಹಳದಿ, ಅದರಲ್ಲೂ ಸ್ವಲ್ಪವೇ.

ಗ್ಲಾಸ್ಗೋ ಗಿರಾಕಿ:
ಇಲ್ಲಿ ಸ್ಕಾಟ್ಲೆಂಡಿನಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನಡು ಮಧ್ಯಾಹ್ನ ಬೀದಿಯಲ್ಲಿ ನಿಂತರೂ ಪ್ರಯೋಜನವಿಲ್ಲ. ಅದಕ್ಕೆ ಚಳಿಗಾಲದಲ್ಲಿ ಎಲ್ಲರೂ ದಿನಾ 10 ಮೈಕ್ರೋಗ್ರಾಂ, ಅಂದರೆ 400 ಐಯು, ತೆಗೆದುಕೊಳ್ಳುವುದನ್ನು ಯೋಚಿಸಿ ಅಂತ ಸರ್ಕಾರವೇ ಹೇಳುತ್ತದೆ, ನಮ್ಮಂಥ ಮೈಬಣ್ಣದವರಿಗೆ ವರ್ಷಪೂರ್ತಿ. ನಾನು ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಡಬ್ಬಿ ಇಟ್ಟಿದ್ದೇನೆ. ಅಲ್ಲಿ ಅಷ್ಟು ಬಿಸಿಲು ಇಟ್ಟುಕೊಂಡು ನೀವು ಹೀಗಾ ಅಂತ ನಗು ಬಂತು, ಕ್ಷಮಿಸಿ.

ಅನುಮಾನದ ಆಸಾಮಿ:
ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ಕೂದಲು ಉದುರಿದರೂ ಡಿ, ಬೇಜಾರಾದರೂ ಡಿ, ಈಗ ಎಲ್ಲದಕ್ಕೂ ಡಿ. ಅಮೆರಿಕದಲ್ಲಿ ವೈಟಲ್ ಅಂತ ದೊಡ್ಡ ಅಧ್ಯಯನ ನಡೆಯಿತು. 25,871 ಜನ, ಅರ್ಧದಷ್ಟು ಜನಕ್ಕೆ ಸುಮಾರು ಐದು ವರ್ಷ ದಿನಾ 2000 ಐಯು. 2018ರಲ್ಲಿ ಫಲಿತಾಂಶ ಬಂದಾಗ ಕ್ಯಾನ್ಸರ್ ಬರುವುದೂ ಕಮ್ಮಿಯಾಗಿರಲಿಲ್ಲ, ಹಾರ್ಟ್ ಅಟ್ಯಾಕೂ ಕಮ್ಮಿಯಾಗಿರಲಿಲ್ಲ. 2022ರಲ್ಲಿ ನೋಡಿದರೆ ಮೂಳೆ ಮುರಿತವೂ ಅಷ್ಟೇ. ಆದರೆ ಅವರಲ್ಲಿ ಹೆಚ್ಚಿನವರಿಗೆ ಕೊರತೆಯೇ ಇರಲಿಲ್ಲ, ತುಂಬಿದ ಕೊಡಕ್ಕೆ ನೀರು ಹಾಕಿದ ಹಾಗೆ. ನಿಮ್ಮದು ಬೇರೆ. 20ರ ಕೆಳಗೆ ಕೊರತೆ ಅಂತಾರೆ, ನಿಮ್ಮದು 11, ಮೇಲೆ ತೊಡೆಯಲ್ಲಿ ಶಕ್ತಿ ಇಲ್ಲ. ದೊಡ್ಡವರಲ್ಲಿ ಮೂಳೆ ಮೆತ್ತಗಾದಾಗ ಹೀಗೇ ಆಗುತ್ತದೆ. ಔಷಧಿ ತಗೊಳ್ಳಿ, ಮನೆಮಂದಿಗೆಲ್ಲ ಸುಮ್ನೆ ಟೆಸ್ಟ್ ಮಾಡಿಸಬೇಡಿ.

ಮೂರನೇ ಮಹಡಿ:
ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರಿಗೆ ಫೋನ್ ಮಾಡಿದೆ. ವಾರಕ್ಕೆ ಒಂದೇ, ಊಟ ಆದಮೇಲೆ, ಎಂಟು ವಾರ ಮುಗಿದ ಮೇಲೆ ಮತ್ತೆ ಬನ್ನಿ ಅಂದರು. ಚೀಟಿಯಲ್ಲಿ 'ವಾರಕ್ಕೊಂದು' ಅಂತ ಬರೆದೇ ಇದ್ದಾರಂತೆ, ನಾನು ಅದನ್ನು ಅವರ ಸಹಿ ಅಂದುಕೊಂಡಿದ್ದೆ.