ಸಹಾಯ ಬೇಕು: ನಾಯಿಗೆ ತುರ್ತು ಗರ್ಭಕೋಶದ ಆಪರೇಷನ್, ಎಲ್ಲಿಗೆ ಕರೆದೊಯ್ಯಲಿ?

ಎಲ್ಲರಿಗೂ ನಮಸ್ಕಾರ. ನಾವು ಚಿಕ್ಕಬಳ್ಳಾಪುರದವರು. ನಮ್ಮ ಎಂಟು ವರ್ಷದ ಲ್ಯಾಬ್ರಡಾರ್ ಗೌರಿ, ಬೆದೆ ಮುಗಿದ ಕೆಲವು ವಾರಗಳ ನಂತರ ಊಟ ಬಿಟ್ಟು, ವಿಪರೀತ ನೀರು ಕುಡಿದು ವಾಂತಿ ಮಾಡಿಕೊಳ್ಳುತ್ತಿದ್ದಾಳೆ. ಗರ್ಭಕೋಶದಲ್ಲಿ ಕೀವು ತುಂಬಿರುವುದು, ಅಂದರೆ ಪಯೋಮೆಟ್ರಾ, ಸ್ಕ್ಯಾನಿಂಗ್‌ನಲ್ಲಿ ಖಚಿತವಾಗಿದೆ. ಕೀವು ಹೊರಗೆ ಹರಿಯದ ಕಾರಣ ಗರ್ಭಕೋಶ ಒಡೆಯುವ ಅಪಾಯವಿದೆಯೆಂದೂ, ಆಂಟಿಬಯೋಟಿಕ್ ಮಾತ್ರ ಸಾಲದೆಂದೂ, ಗರ್ಭಕೋಶವನ್ನೇ ತೆಗೆಯಬೇಕೆಂದೂ ವೈದ್ಯರು ತಿಳಿಸಿದ್ದಾರೆ.

ಇಲ್ಲಿ ಡ್ರಿಪ್ ಹಾಕಿಸಿ, ಇಂಜೆಕ್ಷನ್ ಕೊಡಿಸಿದ್ದೇವೆ. ವೈದ್ಯರು ಅಕ್ಕರೆಯಿಂದಲೇ ನೋಡಿದರು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಅರಿವಳಿಕೆ, ಆಪರೇಷನ್ ಮತ್ತು ದಾಖಲಾತಿ ಸೇರಿ ಸುಮಾರು 45,000 ರೂಪಾಯಿ ಆಗುತ್ತದೆ, ಅರ್ಧವನ್ನು ಮುಂಗಡವಾಗಿ ಕಟ್ಟಬೇಕು ಎಂದರು. ಅಷ್ಟು ಹಣ ಈ ಗಳಿಗೆಯಲ್ಲಿ ನಮ್ಮ ಕೈಯಲ್ಲಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಮ್ಮ ಊರಿನಿಂದ ನೇರ ದಾರಿಯಲ್ಲಿದ್ದು, ಸರ್ಕಾರಿ ಸಂಸ್ಥೆಯಾದ್ದರಿಂದ ಖರ್ಚು ಕಡಿಮೆಯಾಗಬಹುದೆಂಬ ಆಸೆಯಿದೆ. ಆದರೆ ಅಲ್ಲಿ ಹೋದ ದಿನವೇ ಆಪರೇಷನ್ ಆಗದೆ ದಿನಾಂಕ ಕೊಟ್ಟು ಕಳುಹಿಸಿದರೆ, ಗೌರಿಗೆ ಅಷ್ಟು ಕಾಯುವ ಶಕ್ತಿ ಉಳಿದಿಲ್ಲ.

ಹೆಬ್ಬಾಳದಲ್ಲಿ ಪಯೋಮೆಟ್ರಾಕ್ಕೆ ಆಪರೇಷನ್ ಮಾಡಿಸಿದವರು ದಯವಿಟ್ಟು ತಿಳಿಸಿ: ತುರ್ತು ಪ್ರಕರಣವನ್ನು ಅದೇ ದಿನ ತೆಗೆದುಕೊಂಡರೇ, ಔಷಧಿ ಸೇರಿ ಒಟ್ಟು ಎಷ್ಟು ಖರ್ಚಾಯಿತು?